ಟಿಸಿ ತಗೊಳ್ಳೋ ಮುಂಚೆ

ಸಿಂಧನೂರು ಕಡೆಯವರು ಅಂತ ಬರೆದಿದ್ದೀರಿ. ಶಾಲೆಯ ಶೌಚಾಲಯವನ್ನು ನಿಮ್ಮ ಮಗನ ಕೈಲೇ ತೊಳೆಸುತ್ತಾರೆ. ಮೇಷ್ಟ್ರು ಬೇಕಂತಲೇ ಜಾತಿ ನೋಡಿ ಮಾಡಿಸ್ತಿದ್ದಾರೆ ಅಂತ ಸಾಬೀತು ಮಾಡೋದು ಹೇಗೆ, ಇಲ್ಲಾ ಸುಮ್ನೆ ಟಿಸಿ ತಗೊಂಡುಬಿಡಲಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಎರಡೂ ಬೇಡ.

ನಮ್ಮದು ಕುಷ್ಟಗಿ ತಾಲೂಕಿನ ಹಳ್ಳಿ. ಅಣ್ಣ-ಅತ್ತಿಗೆ ಬೆಂಗಳೂರಿಗೆ ಗುಳೆ ಹೋದಾಗ ಮಗಳನ್ನು ನಮ್ಮ ಮನೆಯಲ್ಲಿ ಬಿಡುತ್ತಾರೆ. ಆಗ ಅವಳು ಆರನೇ ಕ್ಲಾಸು. ಒಂದು ಸಂಜೆ ಕೈ ತುರಿಸುತ್ತೆ ಅಂದಳು. ನೋಡಿದರೆ ಬೆರಳ ಸಂದಿಯೆಲ್ಲಾ ಕೆಂಪಗಾಗಿ ಸಿಪ್ಪೆ ಎದ್ದಿತ್ತು. ಬ್ಲೀಚಿಂಗ್ ಪೌಡರ್. ಯಾರ್ಯಾರು ತೊಳೀತೀರಿ ಅಂದೆ. ನಾಲ್ಕು ಹೆಸರು ಹೇಳಿದಳು, ನಾಲ್ಕೂ ನಮ್ಮ ಓಣಿಯವೇ. ಬಿಸಿಯೂಟ ಬಡಿಸೋರು ಯಾರು ಅಂದೆ. "ಅದಕ್ಕ ಬ್ಯಾರೆ ಹುಡುಗ್ಯಾರು ಅದಾರ ಕಾಕಾ" ಅಂದಳು, ಇದನ್ನೂ ಕೇಳಬೇಕಾ ಅನ್ನೋ ಹಾಗೆ.

ಬೇಕಾದ್ದೆಲ್ಲಾ ಆಗಲೇ ಸಿಕ್ಕಿತ್ತು. ಆದರೆ ನಾನು ಮರುದಿನ ಅವಳ ಕೈ ಹಿಡಿದುಕೊಂಡು ನೇರ ಆಫೀಸ್ ರೂಮಿಗೇ ಹೋದೆ. ಹೆಡ್ ಮಾಸ್ತರು ಇದ್ದರು, ತೊಳೆಸುತ್ತಿದ್ದ ಮಾಸ್ತರೂ ಇದ್ದರು. "ಹೇಳವ್ವಾ, ನಿಮ್ಮ ಕೈಲೇ ತೊಳಸ್ತಾರಿಲ್ಲೋ?" ಅಂದೆ. ಅವಳು ಮಾಸ್ತರ ಮುಖ ನೋಡಿದಳು. "ಇಲ್ರಿ, ನಾನಾ ತೊಳೀತೀನಂದಿದ್ದೆ."

ಅಲ್ಲಿಗೆ ಕಥೆ ಮುಗೀತು. ಇದನ್ನೇ ನಾನು ಎಷ್ಟೋ ಸಲ ತಿರುಗಾಮುರುಗಾ ಯೋಚಿಸಿದ್ದೇನೆ. ನಾನು ಕೂಗಾಡಿ ಮನೆಗೆ ಹೋಗುತ್ತೇನೆ. ಅವಳು ಸಂಜೆವರೆಗೂ ಅದೇ ಮಾಸ್ತರ ಮುಂದೆ ಕೂರಬೇಕು. ಹಾಜರಿ ಅವರ ಕೈಯಲ್ಲಿ, ಮಾರ್ಕ್ಸ್ ಅವರ ಕೈಯಲ್ಲಿ. ಹೌದು ಅನ್ನೋಕೆ ಅವಳಿಗೆ ದಾರಿಯೇ ಇರಲಿಲ್ಲ. ನಾನು ಒಬ್ಬನೇ ಹೋಗಬಹುದಿತ್ತು. ಇಲ್ಲಾ ಓಣಿಯ ಇನ್ನೊಬ್ಬ ತಂದೆಯನ್ನು ಕರೆದುಕೊಂಡು ಹೋಗಬಹುದಿತ್ತು. ಮಗುವನ್ನೇ ಸಾಕ್ಷಿ ಮಾಡಿದೆ ನೋಡಿ, ಆಮೇಲೆ ನಾನೇನು ಬರೆದುಕೊಟ್ಟರೂ ಒಂದೇ ಉತ್ತರ: "ಮಗುನೇ ಹೇಳೈತಲ್ಲರಿ." ವಿಚಾರಣೆಗೆ ಬಂದ ಸಿಆರ್‌ಪಿ (ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳೋ ಶಿಕ್ಷಣ ಇಲಾಖೆಯವರು) ಕೂಡ ಅದನ್ನೇ ಬರಕೊಂಡು ಹೋದರು. ಅದಕ್ಕಿಂತ ಜಾಸ್ತಿ ನೋವು ಅಂದರೆ, ಅವಳು ಶಾಲೆ ವಿಷಯ ನನ್ನ ಹತ್ತಿರ ಹೇಳೋದನ್ನೇ ಬಿಟ್ಟಳು. ಈಗ ಕಾಲೇಜಿಗೆ ಹೋಗ್ತಾಳೆ, ಈಗಲೂ ಹೇಳಲ್ಲ.

ಆ ಮಾಸ್ತರು ಹೊರಗೆ ಬಂದು ನನಗೆ ಹೇಳಿದ್ದು ಕೇಳಿ: "ನನಗ ಜಾತಿಗೀತಿ ಇಲ್ಲರಿ. ಈ ಹುಡುಗರು ಹೇಳಿದ್ದು ಕೇಳ್ತಾವ, ಮನಿಯವರು ಜಗಳಕ್ಕ ಬರಂಗಿಲ್ಲ." ಅವರು ಸುಳ್ಳು ಹೇಳಿದರು ಅಂತ ನನಗೆ ಇವತ್ತಿಗೂ ಅನಿಸಲ್ಲ. ಅದಕ್ಕೇ ಹೇಳಿದ್ದು, ಬೇಕಂತಲೇ ಮಾಡಿದರು ಅನ್ನೋದನ್ನು ಸಾಬೀತು ಮಾಡೋಕೆ ಹೋಗಬೇಡಿ. ಜಗಳಕ್ಕೆ ಬರದ ಮನೆ ಯಾವುದು ಅಂತ ನೋಡಿ ಹೊಲಸು ಕೆಲಸ ಹಂಚೋದೇ ತಾರತಮ್ಯ. ಅವರ ಮನಸ್ಸಲ್ಲಿ ಏನಿತ್ತು ಅನ್ನೋದು ಅವರಿಗೇ ಇರಲಿ.

ಒಂದೆರಡು ವಾರ ಬರೆದಿಡಿ: ತಾರೀಖು, ತೊಳೆದವರು ಯಾರು, ಬಡಿಸಿದವರು ಯಾರು, ನೀರಿನ ಕೊಡ ಮುಟ್ಟೋರು ಯಾರು. ಪಾಳಿ ಎಲ್ಲಾ ಮಕ್ಕಳಿಗೂ ಬರುತ್ತಿದ್ದರೆ ಅದು ಬೇರೆ ದೂರು. ಮಕ್ಕಳ ಕೈಲಿ ಶೌಚಾಲಯ ತೊಳೆಸೋದೇ ತಪ್ಪು, ಆದರೆ ಅದಕ್ಕೆ ಜಾತಿ ಅಂಟಿಸಬೇಡಿ. ಹಾಗೆ ಮಾಡಿದರೆ ಮುಂದೆ ನಿಜವಾಗಿ ಅನ್ಯಾಯ ಆದವರ ಮಾತನ್ನೂ ಯಾರೂ ನಂಬಲ್ಲ.

ಎರಡನೇ ಸಲ ನಾನು ಹೀಗೇ ಮಾಡಿದೆ. ಬೇರೆ ಓಣಿಯ ಒಬ್ಬರು, ಅವರ ಮಗಳು ದಿನಾ ಬಡಿಸುತ್ತಿದ್ದವಳು, ಅರ್ಜಿಗೆ ಸಹಿ ಹಾಕಿದರು. ಆ ಒಂದು ಸಹಿಗೆ ನಮ್ಮ ಓಣಿಯ ಅಷ್ಟೂ ಸಹಿಗಿಂತ ಜಾಸ್ತಿ ಬೆಲೆ ಬಂತು, ಬೇಜಾರಿನ ಮಾತೇ ಅದು. ಎರಡು ಪ್ರತಿ ಮಾಡಿ, ಒಂದಕ್ಕೆ ಶಾಲೆಯ ಸೀಲು ಹಾಕಿಸಿಕೊಂಡು, ಎಸ್‌ಡಿಎಂಸಿ (ಪೋಷಕರೂ ಇರೋ ಶಾಲಾಭಿವೃದ್ಧಿ ಸಮಿತಿ) ಸಭೆಗೆ ಇಟ್ಟೆವು. ಬಡಿಸೋ ಪಾಳಿ ಹಾಜರಿ ಪುಸ್ತಕದ ನಂಬರ್ ಪ್ರಕಾರ ಆಯಿತು. ಶೌಚಾಲಯಕ್ಕೆ ಹೊರಗಿನವರನ್ನು ಕರೆಸಿದರು.

ಅಲ್ಲೂ ಆಗದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 32ನೇ ಸೆಕ್ಷನ್ ಪ್ರಕಾರ, ಬರೆದು ಕೊಟ್ಟ ದೂರಿಗೆ ಎರಡೂ ಕಡೆಯವರನ್ನು ಕೇಳಿ 3 ತಿಂಗಳಲ್ಲಿ ತೀರ್ಮಾನ ಹೇಳಬೇಕು. ಅರ್ಜಿಯಲ್ಲಿ ಈ ಸೆಕ್ಷನ್ ನಂಬರ್ ಬರೆಯಿರಿ. ಮಕ್ಕಳ ಸಹಾಯವಾಣಿ 1098 ಕೂಡ ಇದೆ. ಜಾತಿ ಹೆಸರು ಹಿಡಿದು ನಾಲ್ಕು ಜನರ ಮುಂದೆ ಬೈದಿದ್ದರೆ ಮಾತ್ರ ಇಷ್ಟೆಲ್ಲಾ ಸುತ್ತಬೇಡಿ, 1989ರ ದೌರ್ಜನ್ಯ ತಡೆ ಕಾಯ್ದೆ ಇದೆ, ಪೊಲೀಸ್ ಠಾಣೆಗೆ ಹೋಗಿ. 2023ರ ಡಿಸೆಂಬರ್‌ನಲ್ಲಿ ಮಾಲೂರು ತಾಲೂಕಿನ ವಸತಿ ಶಾಲೆಯಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದಾಗ ಪ್ರಾಂಶುಪಾಲರ ಬಂಧನವೇ ಆಯಿತು.

ಇನ್ನು ಟಿಸಿ. ನಿಮ್ಮ ಮಗ ಬಿಟ್ಟರೆ ಪಕ್ಕದ ಮನೆ ಹುಡುಗ ತೊಳೀತಾನೆ, ಅಷ್ಟೇ. ಹೊಡೀತಾರೆ, ರಾತ್ರಿ ಬೆಚ್ಚಿ ಬೀಳ್ತಾನೆ ಅಂದರೆ ಖಂಡಿತ ಬಿಡಿಸಿ, ನನ್ನದೇನೂ ಹಟ ಇಲ್ಲ. ಆದರೆ ಮೊದಲು ದೂರು ಕೊಟ್ಟು ಸೀಲು ಹಾಕಿಸಿಕೊಳ್ಳಿ, ಆಮೇಲೆ ಟಿಸಿ ಕೇಳಿ. ಟಿಸಿ ಮೊದಲು ತಗೊಂಡರೆ, ಹುಡುಗ ನಮ್ಮ ಶಾಲೆಯಲ್ಲೇ ಇಲ್ಲವಲ್ಲ ಅಂತ ಫೈಲು ಮುಚ್ಚಿಬಿಡುತ್ತಾರೆ.