ಗಾಜಿನ ತುಂಬ ಬಸವನಹುಳು: ತೊಟ್ಟಿ ಖಾಲಿ ಮಾಡಬೇಕೇ?

ಹುಬ್ಬಳ್ಳಿಯ ನಿಮ್ಮ ಮನೆಯಲ್ಲಿ ಎರಡು ಅಡಿಯ ತೊಟ್ಟಿ, ಅದರಲ್ಲಿ ಗಪ್ಪಿ ಮೀನು, ಕೆಂಪು ಚೆರ್ರಿ ಸಿಗಡಿ. ಎರಡೇ ತಿಂಗಳಲ್ಲಿ ಗಾಜಿನ ಮೇಲೆಲ್ಲ ಸಣ್ಣ ಬಸವನಹುಳು, ಜೊತೆಗೆ ದಾರದಂಥ ಬಿಳಿ ಹುಳು. ಅಂಗಡಿಯವರು ಔಷಧ ಹಾಕಿ ಎಂದಿದ್ದಾರೆ, ಮನೆಯವರು ಎಲ್ಲ ಚೆಲ್ಲಿ ತಿಕ್ಕಿ ತೊಳೆಯಿರಿ ಎನ್ನುತ್ತಿದ್ದಾರೆ. ಯಾವುದು ಸರಿ ಎಂದು ಕೇಳಿದ್ದೀರಿ. ಎರಡೂ ಬೇಡ. ನಾನು ಎರಡನ್ನೂ ಮಾಡಿ ಕೆಟ್ಟವನು.

ಧಾರವಾಡದಲ್ಲಿ ಮೊದಲ ತೊಟ್ಟಿ ಇಟ್ಟಾಗ, ಗಿಡಕ್ಕೆ ಯಾರು ದುಡ್ಡು ಕೊಡುತ್ತಾರೆ ಎಂದುಕೊಂಡು ಕೆಲಗೇರಿ ಕೆರೆಯ ದಂಡೆಯಿಂದ ಒಂದು ಚೀಲ ನೀರುಗಿಡ ತಂದು ಹಾಗೆಯೇ ಇಳಿಸಿಬಿಟ್ಟೆ. ಮೂರನೆಯ ವಾರಕ್ಕೆ ಬಸವನಹುಳುಗಳ ಜಾತ್ರೆ. ಊರ ಮನೆಯಲ್ಲಿ ಬೆಳೆಗೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ಇಟ್ಟಿದ್ದ ಮೈಲುತುತ್ತದ ನೆನಪಾಯಿತು, ಒಂದು ಚಿಟಿಕೆ ಹಾಕಿದೆ. ಮೈಲುತುತ್ತವೆಂದರೆ ತಾಮ್ರ. ಅದು ಬಸವನಹುಳುವನ್ನು ಕೊಲ್ಲುತ್ತದೆ ನಿಜ, ಆದರೆ ಸಿಗಡಿಯನ್ನು ಅದಕ್ಕಿಂತ ಮೊದಲೇ ಕೊಲ್ಲುತ್ತದೆ. ಬೆಳಿಗ್ಗೆ ಒಂದೂ ಸಿಗಡಿ ಉಳಿದಿರಲಿಲ್ಲ. ಕಲ್ಲುಗಳ ಸಂದಿಯಲ್ಲಿ ನೂರಾರು ಹುಳು ಸತ್ತು ಕೊಳೆತು ನೀರು ಮಜ್ಜಿಗೆಯಂತಾಯಿತು, ಕೊಳೆತದ್ದರಿಂದ ಹುಟ್ಟುವ ಅಮೋನಿಯಾ ಎಂಬ ವಿಷ ಏರಿ ಗಪ್ಪಿಗಳು ಮೇಲೆ ಬಂದು ಬಾಯಿ ತೆರೆದು ತೇಕುತ್ತಿದ್ದವು. ಗಾಬರಿಯಲ್ಲಿ ಎಲ್ಲ ಚೆಲ್ಲಿ ಫಿಲ್ಟರ್ ಸ್ಪಂಜನ್ನು ನಲ್ಲಿ ನೀರಿನಲ್ಲಿ ಹಿಂಡಿ ತೊಳೆದೆ. ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾ ಇರುವುದೇ ಆ ಸ್ಪಂಜು ಮತ್ತು ಕಲ್ಲುಗಳಲ್ಲಿ. ಕ್ಲೋರಿನ್ ನೀರಿಗೆ ಅವೂ ಹೋದವು, ಅವುಗಳ ಹಿಂದೆ ಉಳಿದ ಮೀನುಗಳೂ ಹೋದವು. ನಾಲ್ಕಾರು ದಿನಕ್ಕೊಮ್ಮೆ ನಲ್ಲಿ ಬರುವ ನಮ್ಮ ಅವಳಿ ನಗರದಲ್ಲಿ ಹೀಗೆ ಐವತ್ತು ಲೀಟರ್ ನೀರು ಚೆಲ್ಲಿದ್ದಕ್ಕೆ ಅವ್ವನಿಂದ ಬೈಸಿಕೊಂಡದ್ದು ಬೇರೆ.

ಬಸವನಹುಳು ರೋಗವಲ್ಲ. ಅದು ನೀವು ಮೀನಿಗೆ ಹಾಕುವ ಕಾಳಿನ ಲೆಕ್ಕಪತ್ರ. ನಿಮ್ಮಲ್ಲಿರುವುದು ಎಡಕ್ಕೆ ಸುತ್ತಿದ ತೆಳು ಚಿಪ್ಪಿನ ಜಾತಿಯಾದರೆ, ಅದು ಗಂಡೂ ಹೆಣ್ಣೂ ಎರಡೂ ಆಗಿರುವ ಜೀವಿ. ಜೋಡಿ ಸಿಗದಿದ್ದರೆ ಒಂಟಿಯಾಗಿಯೇ ಮೊಟ್ಟೆಯಿಡುತ್ತದೆ. ಎಲೆಯ ಅಡಿಯಲ್ಲಿ ಪಾರದರ್ಶಕ ಲೋಳೆಯ ತುಣುಕು ಕಂಡರೆ ಅದೇ ಮೊಟ್ಟೆ, ಒಂದೆರಡು ವಾರದಲ್ಲಿ ಒಡೆಯುತ್ತದೆ. ತಿನ್ನಲು ಉಳಿದಷ್ಟು ಮರಿ ಬದುಕುತ್ತವೆ, ಉಳಿಯದಿದ್ದರೆ ಇಲ್ಲ. ಆದ್ದರಿಂದ ಮೊದಲು ಕಾಳಿನ ಡಬ್ಬಿಯನ್ನು ಬಚ್ಚಿಡಿ. ತೊಟ್ಟಿ ಪಡಸಾಲೆಯಲ್ಲಿದ್ದರೆ ಹೋಗುವವರು ಬರುವವರೆಲ್ಲ ಒಂದೊಂದು ಚಿಟಿಕೆ ಉದುರಿಸುತ್ತಾರೆ. ಮಕ್ಕಳಂತೂ ಸರಿ, ಹಿರಿಯರೂ ಕಡಿಮೆಯಿಲ್ಲ. ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ಮುಗಿಯುವಷ್ಟು ಸಾಕು. ವಾರಕ್ಕೊಂದು ದಿನ ಏನೂ ಬೇಡ. ನಮ್ಮಲ್ಲಿ ಅವ್ವನ ಸೋಮವಾರದ ಒಪ್ಪತ್ತು ಮೀನುಗಳಿಗೂ ಅನ್ವಯವಾಗುತ್ತದೆ, ಹಾಗಾಗಿ ಮರೆಯುವುದಿಲ್ಲ.

ಈಗಾಗಲೇ ಇರುವವುಗಳಿಗೆ ಸೌತೆಕಾಯಿ. ಒಂದು ಬಿಲ್ಲೆಯನ್ನು ಬಿಸಿ ನೀರಿನಲ್ಲಿ ಒಂದು ನಿಮಿಷ ಮೆತ್ತಗೆ ಮಾಡಿ, ಮುಳುಗುವಂತೆ ಸ್ಟೀಲ್ ಚಮಚಕ್ಕೆ ಚುಚ್ಚಿ, ರಾತ್ರಿ ದೀಪ ಆರಿಸಿದ ಮೇಲೆ ಇಳಿಬಿಡಿ. ಬೆಳಿಗ್ಗೆ ಹುಳುಗಳ ಸಮೇತ ಮೇಲೆತ್ತಿ. ಹದಿನೈದು ದಿನ ಬಿಡದೆ ಮಾಡಿದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಹೊರತೆಗೆದವನ್ನು ಉಣಕಲ್ ಕೆರೆಗೋ ಚರಂಡಿಗೋ ಹಾಕಬೇಡಿ. ಬಿಸಿಲಿನಲ್ಲಿ ಒಣಗಿಸಿ ಹೂಕುಂಡದ ಮಣ್ಣಿಗೆ ಸೇರಿಸಿ. ಚಿಪ್ಪು ಉದ್ದವಾಗಿ ಕಹಳೆಯಂತೆ ಚೂಪಾಗಿದ್ದರೆ ಅದು ಮರಿಯನ್ನೇ ಹಾಕುವ ಬೇರೆ ಜಾತಿ, ಹಗಲೆಲ್ಲ ಕಲ್ಲಿನೊಳಗೆ ಹುದುಗಿರುತ್ತದೆ. ಅದನ್ನು ನಾನು ಇಟ್ಟುಕೊಂಡಿದ್ದೇನೆ, ತಳವನ್ನು ಕೆದಕಿ ಗಾಳಿಯಾಡಿಸುತ್ತದೆ.

ಬಸವನಹುಳು ತಿನ್ನುವ ಮೀನು ತನ್ನಿ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಕ್ಲೌನ್ ಲೋಚ್ ಒಂದು ಅಡಿ ಬೆಳೆಯುತ್ತದೆ, ನಿಮ್ಮ ತೊಟ್ಟಿಯೇ ಎರಡು ಅಡಿ. ನಮ್ಮ ಪಶ್ಚಿಮ ಘಟ್ಟದ್ದೇ ಆದ ಪುಟ್ಟ ಪಫರ್ ಮೀನು ಬಸವನಹುಳುವನ್ನು ಇಷ್ಟಪಟ್ಟು ತಿನ್ನುತ್ತದೆ, ಗಪ್ಪಿಯ ಬಾಲವನ್ನೂ ಅಷ್ಟೇ ಇಷ್ಟಪಟ್ಟು ಹರಿಯುತ್ತದೆ.

ನಿಜವಾಗಿ ಹೆದರಬೇಕಾದದ್ದು ನೀವು ಕೇಳದೇ ಇರುವ ಒಂದಕ್ಕೆ. ಆ ಕೆರೆ ಗಿಡದ ಜೊತೆಗೇ ನನ್ನ ತೊಟ್ಟಿಗೆ ಏರೋಪ್ಲೇನ್ ಚಿಟ್ಟೆಯ ಮರಿಯೂ ಬಂದಿತ್ತು. ದಿನಕ್ಕೆರಡು ಗಪ್ಪಿ ಮರಿ ಕಾಣೆಯಾಗುತ್ತಿದ್ದವು, ನಾನು ತಾಯಿ ಮೀನುಗಳನ್ನೇ ಶಂಕಿಸಿದ್ದೆ. ಒಂದು ರಾತ್ರಿ ಟಾರ್ಚ್ ಬಿಟ್ಟಾಗ ಕೆಸರು ಬಣ್ಣದ ಆರು ಕಾಲಿನ ಹುಳು ಮಡಚಿಟ್ಟ ಕೆಳದುಟಿಯನ್ನು ಚಾಚಿ ಮರಿಯೊಂದನ್ನು ಹಿಡಿದದ್ದನ್ನು ಕಂಡೆ. ಇದನ್ನು ಇಕ್ಕಳದಿಂದ ಎತ್ತುವುದೇ ಸರಿಯಾದ ದಾರಿ.

ಈಗ ಯಾವ ಗಿಡ ತಂದರೂ ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಪಟಿಕದ ಪುಡಿ ಕಲಸಿ ರಾತ್ರಿಯಿಡೀ ನೆನೆಸಿ, ಚೆನ್ನಾಗಿ ತೊಳೆದು, ಮತ್ತೆ ಮೂರು ವಾರ ಬೇರೆ ಬಕೆಟ್‌ನಲ್ಲಿಡುತ್ತೇನೆ. ತಪ್ಪಿಸಿಕೊಂಡ ಮೊಟ್ಟೆಗಳು ಅಲ್ಲಿಯೇ ಒಡೆಯಲಿ ಎಂದು. ಬಕೆಟ್‌ಗೆ ಬಟ್ಟೆ ಕಟ್ಟಿ, ಇಲ್ಲದಿದ್ದರೆ ಸೊಳ್ಳೆ ಸಾಕಿದಂತಾಗುತ್ತದೆ.

ಇನ್ನು ಬಿಳಿ ಹುಳು. ಇದರ ಉತ್ತರ ನಿಮ್ಮ ಕಣ್ಣಲ್ಲಿದೆ. ಕೂದಲಿನಂತೆ ತೆಳ್ಳಗಿದ್ದು ನೀರಿನಲ್ಲಿ ಬಳುಕುತ್ತಿದ್ದರೆ ಅದು ಕೊಳೆ ತಿನ್ನುವ ಸಾಧು ಹುಳು. ಕಾಳು ಕಡಿಮೆ ಮಾಡಿ ತಳದ ಕಸವನ್ನು ಪೈಪ್‌ನಿಂದ ಎಳೆದರೆ ತಾನೇ ಕಡಿಮೆಯಾಗುತ್ತದೆ. ಗಾಜಿಗೆ ಚಪ್ಪಟೆಯಾಗಿ ಅಂಟಿ ಜಾರುತ್ತಿದ್ದು, ತಲೆ ತ್ರಿಕೋನವಾಗಿದ್ದು, ಎರಡು ಕಣ್ಣಿನ ಚುಕ್ಕೆಗಳಿದ್ದರೆ ಪ್ಲನೇರಿಯಾ. ಅದು ಸಿಗಡಿ ಮರಿಗಳಿಗೆ ಅಪಾಯಕಾರಿ. ಅದನ್ನು ಗಾಜಿನ ಮೇಲೆಯೇ ಬ್ಲೇಡಿನಿಂದ ಕತ್ತರಿಸಲು ಹೋಗಬೇಡಿ, ತುಂಡುಗಳೆಲ್ಲ ಮತ್ತೆ ಹುಳುವಾಗುತ್ತವೆ. ಜಾನುವಾರುಗಳ ಜಂತಿಗೆ ಕೊಡುವ ಫೆನ್‌ಬೆಂಡಜೋಲ್ ಅದಕ್ಕೆ ಕೆಲಸ ಮಾಡುತ್ತದೆ, ಆದರೆ ಐವತ್ತು ಲೀಟರ್‌ಗೆ ಬೇಕಾದಷ್ಟು ಸಣ್ಣ ಪ್ರಮಾಣವನ್ನು ಕಣ್ಣಂದಾಜಿನಲ್ಲಿ ಹಾಕುವಂತಿಲ್ಲ. ಹಾಗಾಗಿ ಇಂದು ರಾತ್ರಿ ದೀಪ ಆರಿಸಿ ಒಂದು ಗಂಟೆಯ ನಂತರ ಮೊಬೈಲ್ ಬೆಳಕಿನಲ್ಲಿ ಹುಳುವಿನ ತಲೆ ನೋಡಿ, ಸಾಧ್ಯವಾದರೆ ಒಂದು ಚಿತ್ರ ತೆಗೆದು ಇಲ್ಲಿ ಹಾಕಿ. ಔಷಧದ ಮಾತು ಆಮೇಲೆ.