ಓದುಗರ ಪ್ರಶ್ನೆ, ನಮ್ಮ ಉತ್ತರ: ದೇಶವಿಲ್ಲದ ಬಾವುಟಗಳು

ಜನಾಂಗಗಳ ಬಾವುಟಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಯುರೋಪಿನ ರೋಮಾ ಜನರ ಬಾವುಟದಲ್ಲಿ ನಮ್ಮ ಅಶೋಕ ಚಕ್ರ ಇದೆ ಅಂತ ವಾಟ್ಸಾಪ್‌ನಲ್ಲಿ ಬಂತು. ನಿಜವೇ? ಅವರು ಭಾರತದವರೇ? — ಓದುಗರು, ಶಿವಮೊಗ್ಗ

ಚಕ್ರ ಇರುವುದು ನಿಜ. ಆದರೆ ಅದು ಅಶೋಕ ಚಕ್ರದ ನಕಲಲ್ಲ. ನಮ್ಮದು ಕಡುನೀಲಿ, 24 ಗೆರೆಗಳು. ಅವರದು ಕೆಂಪು, 16 ಗೆರೆಗಳು. ಬಾವುಟದ ಮೇಲರ್ಧ ನೀಲಿ, ಅದು ಆಕಾಶ. ಕೆಳಗಿನ ಅರ್ಧ ಹಸಿರು, ಅದು ನೆಲ. 1971ರ ಏಪ್ರಿಲ್ 8ರಂದು ಲಂಡನ್ ಹತ್ತಿರದ ಆರ್ಪಿಂಗ್ಟನ್‌ನಲ್ಲಿ ಬೇರೆ ಬೇರೆ ದೇಶಗಳ ರೋಮಾ ಪ್ರತಿನಿಧಿಗಳು ಮೊದಲ ಸಲ ವಿಶ್ವ ಸಮಾವೇಶ ಅಂತ ಸೇರಿದರು, ಅಲ್ಲಿ ಈ ಬಾವುಟವನ್ನು ಒಪ್ಪಿಕೊಂಡರು. ಭಾರತದ ವಿದ್ವಾಂಸ ಡಬ್ಲ್ಯೂ. ಆರ್. ರಿಷಿ ಕೂಡ ಆ ಸಭೆಯಲ್ಲಿದ್ದರು. ಚಕ್ರದಲ್ಲಿ ಎರಡು ನೆನಪುಗಳಿವೆ: ಒಂದು ಭಾರತದ ನಂಟು, ಇನ್ನೊಂದು ಗಾಡಿ ಕಟ್ಟಿಕೊಂಡು ಊರೂರು ತಿರುಗಿದ ಬದುಕು.

ಇನ್ನು ಮೂಲದ ಮಾತು. ಸುಮಾರು ಸಾವಿರ ವರ್ಷದ ಹಿಂದೆ ಅವರ ಪೂರ್ವಜರು ಉತ್ತರ ಭಾರತದ ಕಡೆಯಿಂದ ಹೊರಟವರು. ಇದಕ್ಕೆ ದೊಡ್ಡ ಸಾಕ್ಷಿ ಅವರ ಭಾಷೆಯೇ. ಒಂದು, ಎರಡು, ಮೂರು ಅನ್ನೋದಕ್ಕೆ 'ಎಖ್, ದುಯ್, ತ್ರಿನ್' ಅಂತಾರೆ. ನೀರಿಗೆ 'ಪಾನಿ', ಮೂಗಿಗೆ 'ನಖ್'. ಆದರೆ ಏಳು, ಎಂಟು, ಒಂಬತ್ತಕ್ಕೆ ಬಂದರೆ ಗ್ರೀಕ್ ಪದಗಳು ಸಿಗುತ್ತವೆ. ದಾರಿಯಲ್ಲಿ ಗ್ರೀಕ್ ಮಾತಾಡುವ ನಾಡಿನಲ್ಲಿ ಅವರು ಎಷ್ಟು ದೀರ್ಘಕಾಲ ಇದ್ದರು ಅನ್ನೋದು ಇದರಿಂದಲೇ ಗೊತ್ತಾಗುತ್ತದೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. 'ನೋಡಿ, ಅವರೂ ನಮ್ಮವರೇ' ಅಂತ ಹೆಮ್ಮೆಪಟ್ಟು ಮೆಸೇಜ್ ಮುಂದೆ ಕಳಿಸಿ ಸುಮ್ಮನಾಗಬೇಡಿ. ಎರಡನೇ ಮಹಾಯುದ್ಧದಲ್ಲಿ ನಾಜಿಗಳು ಮತ್ತು ಅವರ ಜೊತೆಗಾರರು ಲಕ್ಷಾಂತರ ರೋಮಾ ಜನರನ್ನು ಕೊಂದರು. 1971ರ ಸಭೆಗೆ ಬಂದವರಿಗೆ ಅದು ಕಣ್ಣೆದುರಿನ ಸಂಗತಿ. ಅವರಿಗೆ ಬೇಕಿದ್ದದ್ದು ತಾವಿರುವ ದೇಶದಲ್ಲೇ ಮರ್ಯಾದೆಯಿಂದ ಬದುಕುವ ಹಕ್ಕು. ಬಾವುಟ ಒಪ್ಪಿಕೊಂಡದ್ದೂ ಅದಕ್ಕೇ.

ಮಗಳ ಮನೆಗೆ ಆಸ್ಟ್ರೇಲಿಯಾಕ್ಕೆ ಹೋದಾಗ ಸರ್ಕಾರಿ ಕಟ್ಟಡಗಳ ಮೇಲೆ ದೇಶದ ಬಾವುಟದ ಪಕ್ಕ ಕಪ್ಪು, ಕೆಂಪು, ಹಳದಿಯ ಇನ್ನೊಂದು ಬಾವುಟ ನೋಡಿದೆ. ಅದನ್ನು ಅಂಗಿ ಮೇಲೆ ಹಾಕೋಕೆ ಒಂದು ಕಾಲದಲ್ಲಿ ದುಡ್ಡು ಕಟ್ಟಬೇಕಿತ್ತಂತೆ. ಬಾವುಟಕ್ಕೂ ಮಾಲೀಕರು ಇರ್ತಾರಾ? — ಓದುಗರು, ಮೈಸೂರು

ಇದ್ದರು, ಸರ್. ಬಾವುಟಗಳ ಚರಿತ್ರೆಯಲ್ಲೇ ಇದು ಅಪರೂಪದ ಕತೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನೀವು ನೋಡಿದ್ದು ಅಬಾರಿಜಿನಲ್ ಜನರ, ಅಂದರೆ ಆಸ್ಟ್ರೇಲಿಯಾದ ಮೂಲನಿವಾಸಿಗಳ ಬಾವುಟ. ಮೇಲೆ ಕಪ್ಪು, ಕೆಳಗೆ ಕೆಂಪು, ನಡುವೆ ಹಳದಿ ವೃತ್ತ. ಕಪ್ಪು ಅಂದರೆ ಜನ, ಕೆಂಪು ಅಂದರೆ ಆ ನೆಲದ ಕೆಮ್ಮಣ್ಣು, ಹಳದಿ ಸೂರ್ಯ. ಇದನ್ನು ಮಾಡಿದವರು ಹೆರಾಲ್ಡ್ ಥಾಮಸ್, ಮಧ್ಯ ಆಸ್ಟ್ರೇಲಿಯಾದ ಲುರಿಚಾ ಸಮುದಾಯದ ಕಲಾವಿದ. ಚಿಕ್ಕಂದಿನಲ್ಲೇ ಇವರನ್ನು ಮನೆಯವರಿಂದ ಬೇರೆ ಮಾಡಲಾಗಿತ್ತು, ಅಬಾರಿಜಿನಲ್ ಮಕ್ಕಳನ್ನು ಹಾಗೆ ಎತ್ತಿಕೊಂಡು ಹೋಗಿ ಬೇರೆ ಕಡೆ ಬೆಳೆಸೋದು ಆಗ ಸರ್ಕಾರದ ನೀತಿಯೇ ಆಗಿತ್ತು. 1971ರ ಜುಲೈನಲ್ಲಿ ಅಡಿಲೇಡ್‌ನ ವಿಕ್ಟೋರಿಯಾ ಚೌಕದಲ್ಲಿ ಭೂಮಿ ಹಕ್ಕಿಗಾಗಿ ಸೇರಿದ ಜನ ಈ ಬಾವುಟವನ್ನು ಮೊದಲ ಬಾರಿ ಹಾರಿಸಿದರು. ಮರುವರ್ಷ ಕ್ಯಾನ್‌ಬೆರಾದಲ್ಲಿ ಸಂಸತ್ತಿನ ಎದುರು ಹುಲ್ಲಿನ ಮೇಲೆ ಡೇರೆ ಹಾಕಿ 'ರಾಯಭಾರ ಕಚೇರಿ' ಅಂತ ಹೆಸರಿಟ್ಟುಕೊಂಡು ಅಬಾರಿಜಿನಲ್ ಹೋರಾಟಗಾರರು ಕೂತರು, ಅಲ್ಲಿಂದ ಇದು ದೇಶಕ್ಕೆಲ್ಲ ಗೊತ್ತಾಯಿತು. ಯಾವ ಸಮಿತಿಯೂ ಇದನ್ನು ಆರಿಸಲಿಲ್ಲ, ಯಾರೂ ಮತ ಹಾಕಲಿಲ್ಲ. ಜನ ಎತ್ತಿಕೊಂಡರು, ಅಷ್ಟೇ.

1994ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಓಟಗಾರ್ತಿ ಕ್ಯಾಥಿ ಫ್ರೀಮನ್ 400 ಮೀಟರ್ ಗೆದ್ದು ಈ ಬಾವುಟ ಹಿಡಿದು ಮೈದಾನ ಸುತ್ತಿದರು. ತಂಡದ ಮುಖ್ಯಸ್ಥರು ಗದರಿದರು. 200 ಮೀಟರ್ ಗೆದ್ದಾಗ ಆಕೆ ಮತ್ತೆ ಹಿಡಿದರು! 1995ರಲ್ಲಿ ಸರ್ಕಾರ ಇದಕ್ಕೆ ಅಧಿಕೃತ ಸ್ಥಾನ ಕೊಟ್ಟಿತು. ಆದರೆ ಆಗಲೇ ಪ್ರಶ್ನೆ ಎದ್ದಿತು: ಇದು ಒಬ್ಬ ಕಲಾವಿದ ಬಿಡಿಸಿದ ಚಿತ್ರವೂ ಹೌದಲ್ವಾ? ಬೇರೆಯವರೂ ತಾವೇ ಬಿಡಿಸಿದ್ದು ಅಂತ ಬಂದರು. 1997ರಲ್ಲಿ ಫೆಡರಲ್ ಕೋರ್ಟು ಕೃತಿಸ್ವಾಮ್ಯ ಥಾಮಸ್ ಅವರದೇ ಅಂತ ತೀರ್ಪು ಕೊಟ್ಟಿತು.

ಮುಂದೆ ಅವರು ಬಟ್ಟೆ ಮೇಲೆ ಬಾವುಟ ಅಚ್ಚು ಹಾಕುವ ಹಕ್ಕನ್ನು ಒಂದು ಖಾಸಗಿ ಕಂಪನಿಗೆ ಕೊಟ್ಟರು. ಅದು ಅಬಾರಿಜಿನಲ್ ಜನರ ಕಂಪನಿ ಆಗಿರಲಿಲ್ಲ. ಅಬಾರಿಜಿನಲ್ ಜನರೇ ನಡೆಸುವ ಪುಟ್ಟ ಸಂಸ್ಥೆಗಳಿಗೂ ಅಂಗಿ ಮೇಲೆ ಬಾವುಟ ಹಾಕಬೇಡಿ ಅಂತ ನೋಟಿಸು ಹೋಯಿತು. ಜನ ಸಿಟ್ಟಾದರು, 'ಬಾವುಟವನ್ನು ಬಿಡುಗಡೆ ಮಾಡಿ' ಅಂತ ಚಳವಳಿಯೇ ಶುರುವಾಯಿತು. ಕೊನೆಗೆ 2022ರ ಜನವರಿಯಲ್ಲಿ ಸರ್ಕಾರ 2 ಕೋಟಿ ಆಸ್ಟ್ರೇಲಿಯನ್ ಡಾಲರ್‌ಗೂ ಜಾಸ್ತಿ ಕೊಟ್ಟು ಹಕ್ಕುಗಳನ್ನು ಕೊಂಡುಕೊಂಡಿತು. ಈಗ ಯಾರು ಬೇಕಾದರೂ ಅಂಗಿ ಮೇಲೆ ಹಾಕಬಹುದು.

ಥಾಮಸ್ ಅವರನ್ನು ದುಡ್ಡಿಗೆ ಆಸೆಪಟ್ಟವರು ಅಂತ ಬೈಯುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಅಬಾರಿಜಿನಲ್ ಕಲಾವಿದರ ಚಿತ್ರಗಳನ್ನು ಅವರನ್ನು ಕೇಳದೆ ಅಚ್ಚು ಹಾಕಿ ಮಾರಿದ ದೇಶ ಅದು. ಅಲ್ಲಿ ಒಬ್ಬ ಕಲಾವಿದ ತನ್ನ ಕೆಲಸಕ್ಕೆ ಬೆಲೆ ಕೇಳಿದ್ದರಲ್ಲಿ ತಪ್ಪೇನಿದೆ? ತಪ್ಪಾಗಿದ್ದು ಬೇರೆ ಕಡೆ. ಬಾವುಟಕ್ಕೆ ಅಧಿಕೃತ ಸ್ಥಾನ ಕೊಟ್ಟ ದಿನವೇ ಸರ್ಕಾರ ಅವರ ಜೊತೆ ಕೂತು ಮಾತಾಡಿ ಹಕ್ಕಿನ ವಿಷಯ ಬಗೆಹರಿಸಬೇಕಿತ್ತು.

ಇಂಟರ್‌ನೆಟ್‌ನಲ್ಲಿ ನೂರಾರು ಜನಾಂಗಗಳ ಬಾವುಟಗಳ ಪಟ್ಟಿ ಸಿಗುತ್ತದೆ. ಯಾವುದು ನಿಜ, ಯಾವುದು ಯಾರೋ ಸುಮ್ನೆ ಬಿಡಿಸಿದ್ದು ಅಂತ ತಿಳಿಯೋದು ಹೇಗೆ? — ಪಿಯು ವಿದ್ಯಾರ್ಥಿ, ಧಾರವಾಡ

ಒಳ್ಳೆ ಪ್ರಶ್ನೆ ಕಣಪ್ಪ. ಕಂಪ್ಯೂಟರ್ ಇದ್ದವರು ಯಾರು ಬೇಕಾದರೂ ಐದು ನಿಮಿಷದಲ್ಲಿ ಬಾವುಟ ಮಾಡಬಹುದು. ಹಾಗಾಗಿ ಚಿತ್ರ ನೋಡಿ ನಂಬಬೇಡ. ಆ ಜನರು ಅದನ್ನು ಎಲ್ಲಿ ಹಾರಿಸುತ್ತಾರೆ ಅಂತ ಹುಡುಕು. ಹಬ್ಬಕ್ಕೆ, ಮೆರವಣಿಗೆಗೆ, ಹೆಣದ ಮೇಲೆ ಹೊದಿಸೋಕೆ ಬಳಸುತ್ತಾರಾ? ಬಳಸಿದರೆ ಅದು ಅವರದು.

ಸಾಮಿ ಜನರನ್ನೇ ತಗೋ. ನಾರ್ವೆ, ಸ್ವೀಡನ್, ಫಿನ್ಲೆಂಡ್, ರಷ್ಯಾ ನಾಲ್ಕೂ ದೇಶಗಳ ಉತ್ತರ ತುದಿಯಲ್ಲಿ ಹಂಚಿಹೋದವರು, ಹಿಮಸಾರಂಗ ಸಾಕೋದಕ್ಕೆ ಹೆಸರಾದವರು. 1970ರ ದಶಕದ ಕೊನೆಗೆ ನಾರ್ವೆ ಸರ್ಕಾರ ಆಲ್ಟಾ ನದಿಗೆ ಅಣೆಕಟ್ಟು ಕಟ್ಟಲು ಹೊರಟಾಗ ಅವರು ರಾಜಧಾನಿ ಆಸ್ಲೋಗೇ ಬಂದು ಸಂಸತ್ತಿನ ಎದುರು ಉಪವಾಸ ಕೂತರು. ಅಣೆಕಟ್ಟಿನ ಕೆಲಸ ನಿಲ್ಲಲಿಲ್ಲ, ಆದರೆ ಸಾಮಿಗಳ ದನಿ ಎಲ್ಲರಿಗೂ ಕೇಳಿತು. 1986ರ ಆಗಸ್ಟ್ 15ರಂದು ಸ್ವೀಡನ್ನಿನ ಓರೆಯಲ್ಲಿ ನಡೆದ ಸಮ್ಮೇಳನದಲ್ಲಿ ಕಲಾವಿದೆ ಆಸ್ಟ್ರಿಡ್ ಬೋಲ್ ಬಿಡಿಸಿದ ಬಾವುಟವನ್ನು ಒಪ್ಪಿಕೊಂಡರು.

ಆ ಬಾವುಟವನ್ನು ಹತ್ತಿರದಿಂದ ನೋಡು. ಕೆಂಪು, ನೀಲಿ, ಹಸಿರು, ಹಳದಿ, ನಾಲ್ಕೂ ಅವರ ಉಡುಪಿನ ಬಣ್ಣಗಳು. ಅದರ ಮೇಲೊಂದು ವೃತ್ತ. ವೃತ್ತದ ಕೆಂಪು ಭಾಗ ಸೂರ್ಯ, ನೀಲಿ ಭಾಗ ಚಂದ್ರ. ಈ ಗುರುತು ಬಂದಿದ್ದು ಅವರ ಪೂಜಾರಿಗಳು ಬಾರಿಸುತ್ತಿದ್ದ ಚರ್ಮದ ತಮಟೆಯ ಮೇಲಿನ ಚಿತ್ರಗಳಿಂದ. 17, 18ನೇ ಶತಮಾನದಲ್ಲಿ ಪಾದ್ರಿಗಳು ಆ ತಮಟೆಗಳನ್ನು ಕಿತ್ತುಕೊಂಡು ಸುಟ್ಟರು, ಉಳಿದ ಕೆಲವು ಮ್ಯೂಸಿಯಂ ಸೇರಿದವು. ಪಾದ್ರಿಗಳು ಯಾವುದನ್ನು ಸುಟ್ಟಿದ್ದರೋ ಅದರ ಚಿತ್ರವನ್ನೇ ಸಾಮಿಗಳು ಬಾವುಟದ ಮೇಲೆ ತಂದರು. ಫೆಬ್ರವರಿ 6 ಸಾಮಿಗಳ ರಾಷ್ಟ್ರೀಯ ದಿನ, ಆ ದಿನ ಎಲ್ಲಾ ಕಡೆ ಇದನ್ನು ಹಾರಿಸುತ್ತಾರೆ.

ಹಾಗಾದ್ರೆ ನಮ್ಮ ಹಳದಿ-ಕೆಂಪು ಬಾವುಟವೂ ಜನಾಂಗದ ಬಾವುಟವೇ? — ಓದುಗರು, ಹೊಸೂರು

ಜನಾಂಗದ್ದು ಅನ್ನೋದು ಒಪ್ಪುವುದಿಲ್ಲ, ಮೇಡಂ. ಮನೆಯಲ್ಲಿ ತುಳು, ಕೊಡವ, ಉರ್ದು, ಲಂಬಾಣಿ ಮಾತಾಡುವವರೂ ನವೆಂಬರ್ 1ಕ್ಕೆ ಇದನ್ನು ಕಟ್ಟುತ್ತಾರೆ. ಗಡಿಯಾಚೆ ಇರುವ ನಿಮ್ಮಂಥ ಕನ್ನಡಿಗರದೂ ಇದು, ಅಮೆರಿಕದ ಕನ್ನಡ ಸಂಘಗಳದೂ ಹೌದು. ನಾಡಿನ ಬಾವುಟ, ನುಡಿಯ ಬಾವುಟ ಅಂದರೆ ಸರಿ. 1960ರ ದಶಕದಲ್ಲಿ ಕನ್ನಡ ಹೋರಾಟಗಾರ ಮ. ರಾಮಮೂರ್ತಿ ಇದನ್ನು ಕೊಟ್ಟರು. ಇದು ಊರೂರು ಸೇರಿದ್ದು ಸರ್ಕಾರದ ಆದೇಶದಿಂದಲ್ಲ, ಚಳವಳಿಯಿಂದ. 2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ನಡುವೆ ಬಿಳಿ, ಅದರ ಮೇಲೆ ಗಂಡಭೇರುಂಡ ಇರುವ ಹೊಸ ಬಾವುಟವನ್ನು ಒಪ್ಪಿ ಕೇಂದ್ರದ ಅನುಮತಿಗೆ ಕಳಿಸಿತು. ರಾಜ್ಯೋತ್ಸವದ ದಿನ ಬೀದಿಯಲ್ಲಿ, ಆಟೋ ಮೇಲೆ ಕಾಣುವುದು ಮಾತ್ರ ಈಗಲೂ ಎರಡು ಬಣ್ಣದ್ದೇ.