ಪುಟ್ಟ ಮಕ್ಕಳ ಉಗ್ಗು: ತಿದ್ದುವುದಕ್ಕಿಂತ ಕಾದು ಕೇಳುವುದು ಮುಖ್ಯ

ಪ್ರಶ್ನೆ: ನಮ್ಮ ಮಗನಿಗೆ ಎರಡು ವರ್ಷ ಒಂಬತ್ತು ತಿಂಗಳು. ಬೇಗನೆ ಮಾತು ಕಲಿತು ಪುಟ್ಟ ಪುಟ್ಟ ವಾಕ್ಯಗಳನ್ನು ಆಡುತ್ತಿದ್ದವನು ಕಳೆದ ತಿಂಗಳು ಇದ್ದಕ್ಕಿದ್ದಂತೆ ‘ನ-ನ-ನ-ನನಗೆ ಬೇಕು’ ಎಂದು ಮೊದಲ ಅಕ್ಷರದಲ್ಲೇ ನಿಲ್ಲಲು ಶುರು ಮಾಡಿದ. ನಡುವೆ ಒಂದು ವಾರ ಪೂರ್ತಿ ಸರಿಯಾಗಿದ್ದ, ಈಗ ಮತ್ತೆ ಹೆಚ್ಚಾಗಿದೆ. ನಾನು ಕೆಲಸಕ್ಕೆ ಮರಳಿದ್ದೂ ಅದೇ ದಿನಗಳಲ್ಲಿ. ಅದರಿಂದಲೇ ಹೀಗಾಯಿತೇ ಎಂಬ ಕೊರಗು ಬಿಡುತ್ತಿಲ್ಲ. ‘ನಿಧಾನವಾಗಿ ಹೇಳು, ಉಸಿರು ಎಳೆದುಕೊಂಡು ಹೇಳು’ ಎಂದು ಮನೆಯವರೆಲ್ಲರೂ ತಿದ್ದುತ್ತಿದ್ದೇವೆ. ತಾನಾಗಿಯೇ ಹೋಗುತ್ತದೆ ಎಂದು ಕೆಲವರು ಹೇಳುತ್ತಾರೆ. ನಾವೇನು ಮಾಡಬೇಕು?

ಉತ್ತರ: ಮೊದಲು ನಿಮ್ಮ ಕೊರಗಿನ ವಿಷಯ. ನೀವು ಕೆಲಸಕ್ಕೆ ಹೋದದ್ದರಿಂದ ಮಗುವಿಗೆ ಉಗ್ಗು ಬಂದಿಲ್ಲ. ಬಹುತೇಕ ಮಕ್ಕಳಲ್ಲಿ ಉಗ್ಗು ಕಾಣಿಸಿಕೊಳ್ಳುವುದು ಎರಡರಿಂದ ನಾಲ್ಕು ವರ್ಷದ ನಡುವೆ, ಅಂದರೆ ಎರಡು ಪದ ಜೋಡಿಸುತ್ತಿದ್ದ ಮಗು ಉದ್ದದ ವಾಕ್ಯಗಳಿಗೆ ಕೈಹಾಕುವ ಕಾಲದಲ್ಲಿ. ಆ ವಯಸ್ಸಿನಲ್ಲಿ ಪ್ರತಿ ಮನೆಯಲ್ಲೂ ಏನಾದರೊಂದು ಬದಲಾವಣೆ ನಡೆಯುತ್ತಲೇ ಇರುತ್ತದೆ. ತಂಗಿಯೋ ತಮ್ಮನೋ ಹುಟ್ಟಿರುತ್ತದೆ, ಮನೆ ಬದಲಾಗಿರುತ್ತದೆ, ತಾಯಿ ಕೆಲಸಕ್ಕೆ ಹೊರಟಿರುತ್ತಾರೆ. ಎರಡೂ ಒಟ್ಟಿಗೆ ಬಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ಉಗ್ಗಿನ ಬೇರು ಹೆಚ್ಚಾಗಿ ಅನುವಂಶೀಯತೆಯಲ್ಲಿ ಮತ್ತು ಮಾತನ್ನು ಯೋಜಿಸಿ ಹೊರಡಿಸುವ ಮಿದುಳಿನ ಜಾಲಗಳು ಬೆಳೆಯುವ ರೀತಿಯಲ್ಲಿ ಇದೆ ಎಂಬುದನ್ನು ಅವಳಿ ಮಕ್ಕಳ ಅಧ್ಯಯನಗಳೂ ಮಿದುಳಿನ ಚಿತ್ರಣಗಳೂ ತೋರಿಸಿವೆ. 2010ರಲ್ಲಿ ಅಮೆರಿಕದ ಸಂಶೋಧಕರು ಉಗ್ಗಿನೊಂದಿಗೆ ನಂಟಿರುವ ಮೂರು ಜೀನ್‌ಗಳನ್ನು ಗುರುತಿಸಿದರು. ಉಗ್ಗುವವರಲ್ಲಿ ಕೆಲವರಿಗೆ ಮಾತ್ರ ಅವು ಅನ್ವಯಿಸುತ್ತವೆಯಾದರೂ, ಇದು ಸಾಕುವ ರೀತಿಯ ದೋಷವಲ್ಲ ಎನ್ನಲು ಅಷ್ಟೇ ಸಾಕು. ಉಗ್ಗು ಹಠಾತ್ತಾಗಿ ಶುರುವಾಗುವುದೂ ಅಸಹಜವಲ್ಲ. ಎಷ್ಟೋ ಮಕ್ಕಳಲ್ಲಿ ಎರಡು ಮೂರು ದಿನಗಳಲ್ಲೇ ಅದು ಎದ್ದು ಕಾಣುತ್ತದೆ. ಕೆಲವು ವಾರ ಮರೆಯಾಗಿ ಮತ್ತೆ ಬರುವುದು ಕೂಡ ಅದರ ಸ್ವಭಾವವೇ ಹೊರತು ಮಗುವಿನ ಹಠವಲ್ಲ.

ಈ ವಯಸ್ಸಿನ ಎಲ್ಲ ತಡವರಿಕೆಯೂ ಉಗ್ಗಲ್ಲ. ‘ಅಪ್ಪ, ಅಪ್ಪ, ಅಪ್ಪ ನೋಡು’ ಎಂದು ಇಡೀ ಪದವನ್ನು ಮತ್ತೆ ಹೇಳುವುದು, ‘ಅದು... ಅದು...’ ಎಂದು ಪದ ಹುಡುಕುವುದು, ಅರ್ಧ ವಾಕ್ಯ ಬಿಟ್ಟು ಹೊಸದಾಗಿ ಶುರು ಮಾಡುವುದು, ಇವೆಲ್ಲ ಮಾತು ಕಲಿಯುವ ಪ್ರತಿ ಮಗುವಿನಲ್ಲೂ ಇರುತ್ತವೆ. ಪದದ ಮೊದಲ ಧ್ವನಿಯನ್ನೇ ಹಲವು ಸಲ ಹೇಳುವುದು, ‘ಮ್‌ಮ್‌ಮ್‌ಮನೆ’ ಎಂದು ಎಳೆಯುವುದು, ಬಾಯಿ ಸಿದ್ಧವಾಗಿದ್ದರೂ ಧ್ವನಿ ಹೊರಬರದೆ ಕಟ್ಟಿಕೊಳ್ಳುವುದು ಉಗ್ಗಿನ ಲಕ್ಷಣ. ನೀವು ಬರೆದದ್ದನ್ನು ನೋಡಿದರೆ ನಿಮ್ಮ ಮಗನದು ಉಗ್ಗಿನ ಆರಂಭವೇ ಇರಬೇಕು. ಆದರೆ ಎದೆಗುಂದಬೇಡಿ. ಹೀಗೆ ಉಗ್ಗಲು ಶುರು ಮಾಡುವ ನೂರು ಮಕ್ಕಳಲ್ಲಿ ಸುಮಾರು 75ರಿಂದ 80 ಮಕ್ಕಳು ಮುಂದಿನ ಕೆಲವು ವರ್ಷಗಳಲ್ಲಿ ಉಗ್ಗಿನಿಂದ ಹೊರಬರುತ್ತಾರೆ, ದೊಡ್ಡವರಲ್ಲಿ ಉಗ್ಗು ಉಳಿದಿರುವುದು ನೂರಕ್ಕೆ ಸುಮಾರು ಒಬ್ಬರಲ್ಲಿ.

ಇನ್ನು ‘ನಿಧಾನವಾಗಿ ಹೇಳು’ ಎಂಬ ಮಾತು. ಇದನ್ನು ಇಂದಿನಿಂದಲೇ ಬಿಡಿ ಎಂದು ಒತ್ತಿ ಹೇಳುತ್ತೇನೆ. ಪ್ರೀತಿಯಿಂದಲೇ ಹೇಳುತ್ತೀರಿ, ನಿಜ. ಆದರೆ ‘ನಾನು ಹೇಳುತ್ತಿರುವುದು ಇವರಿಗೆ ಮುಖ್ಯವಲ್ಲ, ಹೇಗೆ ಹೇಳುತ್ತೇನೆ ಎಂಬುದನ್ನೇ ನೋಡುತ್ತಿದ್ದಾರೆ’ ಎಂದು ಮಗು ಅರ್ಥ ಮಾಡಿಕೊಳ್ಳಬಹುದು. ಉಸಿರು ಎಳೆದುಕೊಂಡು ಮಾತಾಡುವ ಅಭ್ಯಾಸವಂತೂ ಕೆಲವು ಮಕ್ಕಳಲ್ಲಿ ಉಗ್ಗಿಗೆ ಅಂಟಿಕೊಂಡ ಇನ್ನೊಂದು ಹೆಣಗಾಟವಾಗಿ ಉಳಿದುಬಿಡುತ್ತದೆ. ನಿಧಾನವಾಗಬೇಕಾದವರು ನೀವು. ಅವನು ಮಾತು ಮುಗಿಸಿದ ಮೇಲೆ ಒಂದೆರಡು ಕ್ಷಣ ತಡೆದು, ಸಮಾಧಾನದ ದನಿಯಲ್ಲಿ, ಚಿಕ್ಕ ವಾಕ್ಯಗಳಲ್ಲಿ ಉತ್ತರಿಸಿ. ಅವನ ಪದವನ್ನು ನೀವು ಪೂರ್ತಿ ಮಾಡಬೇಡಿ, ನಡುವೆ ಬಾಯಿ ಹಾಕಬೇಡಿ, ಮುಖದಿಂದ ಕಣ್ಣು ತಪ್ಪಿಸಬೇಡಿ. ಒಂದರ ಮೇಲೊಂದು ಪ್ರಶ್ನೆ ಕೇಳುವ ಬದಲು ಅವನ ಆಟವನ್ನು ನೋಡುತ್ತಾ ‘ಓ, ಬಸ್ಸು ಸೇತುವೆ ದಾಟಿತು’ ಎಂದು ಸುಮ್ಮನೆ ಹೇಳಿದರೆ, ಉತ್ತರಿಸಲೇಬೇಕೆಂಬ ಒತ್ತಡವಿಲ್ಲದೆ ಅವನಾಗಿಯೇ ಮಾತು ತೆಗೆಯುತ್ತಾನೆ. ಬಂದವರ ಮುಂದೆ ‘ಮಾಮನಿಗೆ ಪದ್ಯ ಹೇಳು’ ಎಂದು ನಿಲ್ಲಿಸುವುದು ಸದ್ಯಕ್ಕೆ ಬೇಡ. ದಿನಕ್ಕೆ ಐದು ನಿಮಿಷವಾದರೂ ಫೋನು, ಟಿ.ವಿ. ಇಲ್ಲದೆ, ಬೇರೆ ಮಕ್ಕಳ ಪೈಪೋಟಿಯಿಲ್ಲದೆ, ಅವನು ಆರಿಸಿದ ಆಟದಲ್ಲಿ ಅವನ ಜೊತೆ ಕುಳಿತುಕೊಳ್ಳಿ. ಕೆಲಸ ಮುಗಿಸಿ ದಣಿದು ಬಂದ ತಾಯಿಗೂ ಇಷ್ಟು ಸಾಧ್ಯ, ಮತ್ತು ಇಷ್ಟಕ್ಕೆ ಬೆಲೆಯಿದೆ.

ತಾನಾಗಿಯೇ ಹೋಗುತ್ತದೆ ಎಂಬ ಮಾತು ಹೆಚ್ಚಿನ ಮಕ್ಕಳ ಮಟ್ಟಿಗೆ ನಿಜ. ಆದರೆ ಯಾವ ಮಗುವಿನಲ್ಲಿ ಹೋಗುತ್ತದೆ ಎಂದು ಮುಂದಾಗಿ ಖಚಿತವಾಗಿ ಹೇಳಲು ಯಾರಿಂದಲೂ ಆಗದು. ಕುಟುಂಬದಲ್ಲಿ ದೊಡ್ಡವರಾದ ಮೇಲೂ ಉಗ್ಗುವವರಿದ್ದರೆ, ಮೂರೂವರೆ ವರ್ಷದ ನಂತರ ಉಗ್ಗು ಶುರುವಾಗಿದ್ದರೆ, ಆರು ತಿಂಗಳಿಂದ ಒಂದು ವರ್ಷದವರೆಗೆ ಕಡಿಮೆಯಾಗದೆ ಮುಂದುವರಿದರೆ, ಬೇರೆ ಧ್ವನಿಗಳ ಉಚ್ಚಾರವೂ ಹಿಂದುಳಿದಿದ್ದರೆ ಅದು ಉಳಿಯುವ ಸಂಭವ ಹೆಚ್ಚು. ಹುಡುಗಿಯರಿಗಿಂತ ಹುಡುಗರಲ್ಲಿ ಅದು ಹೆಚ್ಚಾಗಿ ಉಳಿಯುತ್ತದೆ. ಆದ್ದರಿಂದ ಕೈಕಟ್ಟಿ ಕಾಯುವ ಬದಲು ಒಮ್ಮೆ ವಾಕ್ ಚಿಕಿತ್ಸಕರಿಗೆ ತೋರಿಸಿ. ತೋರಿಸಿದ ಕೂಡಲೇ ಚಿಕಿತ್ಸೆ ಶುರುವಾಗುತ್ತದೆ ಎಂದೇನಿಲ್ಲ. ಕೆಲವು ತಿಂಗಳು ಗಮನಿಸೋಣ ಎಂದು ಅವರೇ ಹೇಳಬಹುದು. ಅಲ್ಲಿಯವರೆಗೆ ಮಗ ಸಹಜವಾಗಿ ಮಾತಾಡುವಾಗಿನ ಒಂದೆರಡು ತುಣುಕುಗಳನ್ನು ಫೋನಿನಲ್ಲಿ ಚಿತ್ರಿಸಿಟ್ಟುಕೊಳ್ಳಿ. ಚಿಕಿತ್ಸಕರ ಎದುರು ಮಗು ನಿರರ್ಗಳವಾಗಿ ಮಾತಾಡಿ ತಂದೆತಾಯಿಯರನ್ನು ಪೇಚಿಗೆ ಸಿಲುಕಿಸುವುದು ತೀರ ಸಾಮಾನ್ಯ.

ಪ್ರಶ್ನೆ: ಮಗಳಿಗೆ ನಾಲ್ಕೂವರೆ ವರ್ಷ. ಉಗ್ಗು ಶುರುವಾಗಿ ವರ್ಷ ದಾಟಿದೆ. ಈಗ ಮಾತು ಕಟ್ಟಿಕೊಂಡಾಗ ಕಣ್ಣು ಬಿಗಿಯಾಗಿ ಮುಚ್ಚುತ್ತಾಳೆ, ಕಾಲು ನೆಲಕ್ಕೆ ಬಡಿಯುತ್ತಾಳೆ. ಮೊನ್ನೆ ‘ಅಮ್ಮ, ನನಗೆ ಹೇಳೋಕೆ ಬರಲ್ಲ’ ಎಂದು ಸುಮ್ಮನಾದಳು. ಶಾಲೆಯಲ್ಲಿ ಮಕ್ಕಳು ಅಣಕಿಸುತ್ತಾರಂತೆ. ಅವಳ ಮುಂದೆ ಆ ವಿಷಯವನ್ನೇ ಎತ್ತಬಾರದು ಎಂದು ನಮ್ಮ ಅತ್ತೆಯವರು ಹೇಳುತ್ತಾರೆ. ಸರಿಯೇ?

ಉತ್ತರ: ನಿಮ್ಮ ಅತ್ತೆಯವರ ಎಚ್ಚರಿಕೆಯ ಹಿಂದೆ ಮೊಮ್ಮಗಳ ಮೇಲಿನ ಮಮತೆ ಇದೆ, ಒಂದು ಹಳೆಯ ಸಿದ್ಧಾಂತದ ನೆರಳೂ ಇದೆ. ಕಳೆದ ಶತಮಾನದ ನಡುಭಾಗದಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ವೆಂಡೆಲ್ ಜಾನ್ಸನ್, ತಾವೂ ಉಗ್ಗುತ್ತಿದ್ದವರು, ಮಗುವಿನ ಸಹಜ ತಡವರಿಕೆಯನ್ನು ತಂದೆತಾಯಿಯರು ಉಗ್ಗು ಎಂದು ಹೆಸರಿಸುವುದರಿಂದಲೇ ಉಗ್ಗು ಹುಟ್ಟುತ್ತದೆ ಎಂದು ವಾದಿಸಿದ್ದರು. ಅದನ್ನು ನಂಬಿ ದಶಕಗಳ ಕಾಲ ತಜ್ಞರು ‘ಗಮನಿಸದಂತೆ ಇರಿ’ ಎಂದೇ ಹೇಳುತ್ತಿದ್ದರು. ಆ ವಾದ ಬಿದ್ದುಹೋಯಿತು, ಆದರೆ ಅದು ಹುಟ್ಟಿಸಿದ ಅಂಜಿಕೆ ಇನ್ನೂ ಮನೆಮನೆಗಳಲ್ಲಿ ಉಳಿದಿದೆ. ನಿಮ್ಮ ಮಗಳಿಗೆ ತನ್ನ ಕಷ್ಟ ಆಗಲೇ ಗೊತ್ತಾಗಿದೆ, ಅವಳೇ ಬಾಯಿಬಿಟ್ಟು ಹೇಳಿದ್ದಾಳೆ. ಈಗ ನೀವು ಮೌನವಾದರೆ, ಇದು ಮಾತಾಡಬಾರದಷ್ಟು ನಾಚಿಕೆಗೇಡಿನ ಸಂಗತಿಯೇನೋ ಎಂದುಕೊಳ್ಳುತ್ತಾಳೆ. ‘ಆ ಮಾತು ಹೊರಗೆ ಬರೋದು ಸ್ವಲ್ಪ ಕಷ್ಟ ಆಯ್ತಲ್ಲ ಪುಟ್ಟಿ, ಪರವಾಗಿಲ್ಲ, ನಾನು ಕೇಳ್ತಾ ಇದ್ದೀನಿ’ ಎಂದು, ಬಿದ್ದು ಮಂಡಿ ತರಚಿಕೊಂಡಾಗ ಹೇಳುವಷ್ಟೇ ಸರಳವಾಗಿ ಹೇಳಿ.

ಚಿಕಿತ್ಸೆಯನ್ನು ಇನ್ನು ಮುಂದೂಡಬೇಡಿ. ಕಣ್ಣು ಬಿಗಿಯುವುದು, ಕಾಲು ಬಡಿಯುವುದು, ಮಾತನ್ನೇ ಕೈಬಿಡುವುದು, ಈ ಮೂರೂ ಅವಳು ಎಷ್ಟು ಹೆಣಗುತ್ತಿದ್ದಾಳೆಂದು ಸಾರುತ್ತಿವೆ. ಶಾಲಾಪೂರ್ವ ಮಕ್ಕಳಿಗೆ ಪರೀಕ್ಷೆಗೆ ಒಳಪಟ್ಟ ವಿಧಾನಗಳಿವೆ. ಆಸ್ಟ್ರೇಲಿಯಾದಲ್ಲಿ ರೂಪುಗೊಂಡ ಲಿಡ್‌ಕೋಂಬ್ ಕ್ರಮದಲ್ಲಿ ಚಿಕಿತ್ಸಕರು ಪ್ರತಿ ವಾರ ತಂದೆ ಅಥವಾ ತಾಯಿಗೆ ತರಬೇತಿ ಕೊಡುತ್ತಾರೆ. ಮಗು ಸರಾಗವಾಗಿ ಮಾತಾಡಿದಾಗ ಹೇಗೆ, ಎಷ್ಟು ಮೆಚ್ಚಬೇಕು, ಉಗ್ಗಿದಾಗ ಯಾವಾಗ ಹಗುರವಾಗಿ ಗಮನಕ್ಕೆ ತರಬೇಕು ಎಂಬುದನ್ನು ಕಲಿತು ಅವರು ಮನೆಯಲ್ಲಿ ದಿನವೂ ನಡೆಸುತ್ತಾರೆ. ಅಂದಾಜಿನ ಮೇಲೆ ಸ್ವತಃ ಇದನ್ನು ಮಾಡಹೊರಟರೆ ಮತ್ತೆ ತಿದ್ದುವಿಕೆಯಾಗಿಬಿಡುತ್ತದೆ, ಹಾಗಾಗಿ ಮಾರ್ಗದರ್ಶನ ಬೇಕೇ ಬೇಕು. ಇನ್ನೊಂದು ಬಗೆಯಲ್ಲಿ ಮಗುವಿನ ಮಾತಿನ ಮೇಲೆ ನೇರವಾಗಿ ಕೈಯಿಡದೆ, ಸುತ್ತಲಿನವರ ಮಾತಿನ ವೇಗ ಮತ್ತು ನಿರೀಕ್ಷೆಗಳನ್ನು ಹದಗೊಳಿಸುತ್ತಾರೆ. 2015ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಅಧ್ಯಯನವೊಂದು ಈ ಎರಡನ್ನೂ ಹೋಲಿಸಿದಾಗ, ಹದಿನೆಂಟು ತಿಂಗಳ ಕೊನೆಗೆ ಎರಡರ ಫಲಿತಾಂಶವೂ ಹೆಚ್ಚುಕಡಿಮೆ ಒಂದೇ ಆಗಿತ್ತು. ನಿಮ್ಮ ಮಗಳಿಗೆ ಹಿತವೆನಿಸುವುದನ್ನು ಚಿಕಿತ್ಸಕರೊಡನೆ ಕೂತು ನಿರ್ಧರಿಸಿ.

ಶಾಲೆಗೆ ನೀವೇ ಹೋಗಿ ಶಿಕ್ಷಕಿಯನ್ನು ಕಾಣಿ. ಮಗಳ ಸರದಿ ಬಂದಾಗ ಕಾಯುವುದು, ಬೇರೆ ಮಕ್ಕಳು ಅವಳ ಮಾತನ್ನು ಕಸಿಯದಂತೆ ನೋಡಿಕೊಳ್ಳುವುದು, ಅಣಕಿಸುವುದನ್ನು ಕೂಡಲೇ ತಡೆಯುವುದು ಅವರ ಕೈಯಲ್ಲಿದೆ. ಗುಂಪಿನಲ್ಲಿ ಒಟ್ಟಾಗಿ ಹಾಡುವಾಗ, ಪದ್ಯ ಹೇಳುವಾಗ ಉಗ್ಗುವ ಮಕ್ಕಳಲ್ಲಿ ಬಹುತೇಕರು ಉಗ್ಗುವುದಿಲ್ಲ. ಅಂಥ ಅವಕಾಶಗಳು ಅವಳಿಗೆ ಹೆಚ್ಚಾಗಿ ಸಿಗಲಿ. ಆದರೆ ‘ಹಾಡುವಾಗ ಬರುತ್ತದೆ, ಮಾತಾಡುವಾಗ ಏಕೆ ಬರುವುದಿಲ್ಲ’ ಎಂದು ಯಾರೂ ಅವಳನ್ನು ಕೇಳದಿರಲಿ.

ಪ್ರಶ್ನೆ: ಮನೆಯಲ್ಲಿ ಎರಡು ಭಾಷೆ ಆಡುತ್ತೇವೆ. ಮೂರು ವರ್ಷದ ಮಗ ಉಗ್ಗಲು ಶುರು ಮಾಡಿದ್ದಾನೆ. ಒಂದು ಭಾಷೆಯನ್ನು ನಿಲ್ಲಿಸಬೇಕೇ? ಉಗ್ಗುವ ಚಿಕ್ಕಪ್ಪನನ್ನು ನೋಡಿ ಕಲಿತನೇ?

ಉತ್ತರ: ನಿಲ್ಲಿಸಬೇಡಿ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಉಗ್ಗು ಬರುವುದಿಲ್ಲ. ಮನಸ್ಸಿಗೆ ಹತ್ತಿರವಾದ ಭಾಷೆಯನ್ನು ಹಠಾತ್ತಾಗಿ ಕಿತ್ತುಕೊಂಡರೆ ಮಗುವಿಗೆ ನಷ್ಟವೇ ಹೆಚ್ಚು. ಎರಡು ಭಾಷೆಗಳ ಪದ ಹುಡುಕುತ್ತಾ ತಡವರಿಸುವುದನ್ನೇ ಉಗ್ಗು ಎಂದು ತಪ್ಪಾಗಿ ತಿಳಿಯುವುದೂ ಉಂಟಾದ್ದರಿಂದ, ಅವನ ಎರಡೂ ಭಾಷೆಗಳ ಮಾತನ್ನು ಕೇಳಿಸಿಕೊಂಡು ನಿರ್ಧರಿಸುವ ಚಿಕಿತ್ಸಕರ ಬಳಿಗೆ ಹೋಗಿ. ಚಿಕ್ಕಪ್ಪನನ್ನು ನೋಡಿ ಅವನು ಕಲಿತಿಲ್ಲ, ಉಗ್ಗು ಅನುಕರಣೆಯಿಂದ ಬರುವುದಿಲ್ಲ. ಇಬ್ಬರೂ ಒಂದೇ ಕುಟುಂಬದವರು ಎಂಬುದಷ್ಟೇ ಅಲ್ಲಿರುವ ನಂಟು. ಕುಟುಂಬದಲ್ಲಿ ಉಗ್ಗು ಇದೆ ಎಂಬುದನ್ನು ಮೊದಲ ಭೇಟಿಯಲ್ಲೇ ಚಿಕಿತ್ಸಕರಿಗೆ ತಿಳಿಸಿ, ಚಿಕ್ಕಪ್ಪನೂ ಮಗನೂ ಎಂದಿನಂತೆ ಮಾತಾಡಿಕೊಂಡಿರಲಿ.